ಕ್ಯಾಥೆಟರ್ ತೆಗೆದ ಮೇಲೆ: ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದವರ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯಿಂದ): ಡಾಕ್ಟರೇ, ನಮಸ್ಕಾರ. ನಮ್ಮ ತಂದೆಯವರಿಗೆ 66 ವರ್ಷ, ನಿವೃತ್ತ ಹೈಸ್ಕೂಲ್ ಮೇಷ್ಟರು. ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಇಡೀ ಗ್ರಂಥಿಯನ್ನೇ ತೆಗೆದು ಐದು ವಾರವಾಯಿತು. ಕ್ಯಾಥೆಟರ್ (ಮೂತ್ರ ಹೊರಹೋಗಲು ಹಾಕಿದ್ದ ಕೊಳವೆ) ತೆಗೆದ ದಿನದಿಂದ ಮೂತ್ರ ತಾನಾಗಿ ಸೋರುತ್ತಿದೆ. ದಿನಕ್ಕೆ ನಾಲ್ಕು ಡಯಾಪರ್ ಬೇಕು. ಸಂಜೆ ಗೆಳೆಯರೊಂದಿಗೆ ಪಾರ್ಕಿನಲ್ಲಿ ಕೂರುವುದನ್ನು ಬಿಟ್ಟಿದ್ದಾರೆ. ಸೋರಬಾರದೆಂದು ನೀರು ಕುಡಿಯುವುದನ್ನೂ ಹೆಚ್ಚುಕಡಿಮೆ ನಿಲ್ಲಿಸಿದ್ದಾರೆ. ಶಸ್ತ್ರಚಿಕಿತ್ಸೆಯಲ್ಲಿ ಏನಾದರೂ ಎಡವಟ್ಟಾಗಿದೆಯೇ?

ಉತ್ತರ: ಐದನೆಯ ವಾರಕ್ಕೆ ಇದು ಎಡವಟ್ಟಲ್ಲ. ಮೂತ್ರವನ್ನು ತಡೆದು ನಿಲ್ಲಿಸುವ ಬಾಗಿಲುಗಳು ಎರಡು. ಒಂದು ಮೂತ್ರಕೋಶದ ಕತ್ತಿನಲ್ಲಿದೆ, ನಮ್ಮ ಗಮನಕ್ಕೇ ಬಾರದೆ ತನ್ನಷ್ಟಕ್ಕೆ ಮುಚ್ಚಿಕೊಂಡಿರುತ್ತದೆ. ಇನ್ನೊಂದು, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಗಿಂತಲೂ ಕೆಳಗಿದೆ, ಅದನ್ನು ನಾವು ಬೇಕೆಂದಾಗ ಬಿಗಿಹಿಡಿಯಬಲ್ಲೆವು. ಗ್ರಂಥಿ ತೆಗೆಯುವಾಗ ಮೇಲಿನ ಬಾಗಿಲು ಬಹುಪಾಲು ಕೆಲಸ ಕಳೆದುಕೊಳ್ಳುತ್ತದೆ. ಮೂತ್ರಕೋಶವನ್ನು ಕೆಳಗೆಳೆದು ನೇರವಾಗಿ ಮೂತ್ರನಾಳಕ್ಕೆ ಹೊಲಿಯುತ್ತೇವೆ. 66 ವರ್ಷ ಇಬ್ಬರು ಕಾದ ಮನೆಯನ್ನು ಈಗ ಒಬ್ಬನೇ ಕಾಯಬೇಕು. ಒಂಟಿ ಕಾವಲಿಗೆ ಅವನಿನ್ನೂ ಹೊಸಬ, ಸಂಜೆಯ ಹೊತ್ತಿಗೆ ದಣಿಯುತ್ತಾನೆ. ಅದಕ್ಕೇ ಬೆಳಿಗ್ಗೆ ಸೋರುವುದು ಕಡಿಮೆ, ಸಂಜೆ ಹೆಚ್ಚು. ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ ಇನ್ನೂ ಹೆಚ್ಚು. ರಾತ್ರಿ ಮಲಗಿದಾಗ ಬಟ್ಟೆ ಒಣಗಿರುತ್ತದೆಯೇ ಎಂದು ಕೇಳಿ ನೋಡಿ. ಮೊದಲು ಸುಧಾರಿಸುವುದು ರಾತ್ರಿಯೇ. ಮೂರರಿಂದ ಆರು ತಿಂಗಳಲ್ಲಿ ಹೆಚ್ಚಿನವರಿಗೆ ಬಹಳ ಇಳಿಯುತ್ತದೆ, ಒಂದು ವರ್ಷದವರೆಗೂ ಇಳಿಯುತ್ತಲೇ ಹೋಗಬಹುದು. ವರ್ಷ ಕಳೆದರೂ ತೊಂದರೆಯಾಗುವಷ್ಟು ಉಳಿದರೆ, ಮೂತ್ರನಾಳಕ್ಕೆ ಆಸರೆಯಾಗಿ ಒಂದು ಪಟ್ಟಿ ಅಳವಡಿಸುವ ಅಥವಾ ಕೃತಕ ಕವಾಟ ಕೂರಿಸುವ ಶಸ್ತ್ರಚಿಕಿತ್ಸೆಗಳಿವೆ. ಆ ಮಾತು ಈಗಲೇ ಬೇಡ.

ನೀರು ಬಿಟ್ಟಿರುವುದು ಮಾತ್ರ ತಪ್ಪು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆಯಾಗಿ ತಿಣುಕಬೇಕಾಗುತ್ತದೆ. ತಿಣುಕಿದರೆ ಸೋರುವುದು ಇನ್ನಷ್ಟು. ಹೃದಯದ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಹಗಲೆಲ್ಲ ಸೇರಿ ಒಂದೂವರೆ ಎರಡು ಲೀಟರ್ ಕುಡಿಯಲಿ, ಸಂಜೆ ಏಳರ ನಂತರ ಕಡಿಮೆ ಮಾಡಲಿ. ಕಾಫಿ ಬಿಡಿ ಎಂದರೆ ಮೇಷ್ಟರು ನನ್ನನ್ನೇ ಬಿಟ್ಟಾರು. ಬೆಳಿಗ್ಗೆ ಒಂದು ಲೋಟ ಸಾಕೆನ್ನಿ. ಡಯಾಪರ್ ಬದಲು ಬಿಗಿಯಾದ ಒಳಚಡ್ಡಿಯೊಳಗೆ ಇಡುವ ಪ್ಯಾಡ್ ಕೊಡಿಸಿ, ದಿನಕ್ಕೆ ಎಷ್ಟು ಒದ್ದೆಯಾದವೆಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ನಿನ್ನೆ ಇಂದಿಗೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ, ತಿಂಗಳಿಗೆ ತಿಂಗಳು ಹೋಲಿಸಿದರೆ ತಿಳಿಯುತ್ತದೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಎಲ್ಲರಿಗೂ ‘ಎಲ್ಲ ಸರಿಹೋಗುತ್ತದೆ’ ಎಂದಷ್ಟೇ ಹೇಳಿ ಕಳಿಸುತ್ತಿದ್ದೆ. ಹಾಗೆ ಕಳಿಸಿದ ಒಬ್ಬರು ಎಂಟು ತಿಂಗಳ ಮೇಲೆ ಬಂದರು. ಪಂಚೆಯೊಳಗೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿಕೊಂಡಿದ್ದರು, ತೊಡೆಯ ಸಂದಿಯ ಚರ್ಮ ಕೆಂಪಗೆ ಸುಲಿದಿತ್ತು. ಪ್ಯಾಡ್ ಎನ್ನುವುದೊಂದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನೇ.

ಮೂತ್ರದ ಧಾರೆ ದಾರದಂತೆ ಸಣ್ಣಗಾದರೆ ತಡಮಾಡದೆ ತೋರಿಸಿ. ಹೊಲಿಗೆಯ ಜಾಗ ಕಿರಿದಾಗಿರಬಹುದು. ಮೂತ್ರ ಪೂರ್ತಿ ಕಟ್ಟಿಕೊಂಡರೆ, ಚಳಿಜ್ವರ ಬಂದರೆ, ಒಂದು ಮೀನಖಂಡ ಊದಿ ನೋಯತೊಡಗಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಅವರದೇ): ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಆದರೆ ಅಪ್ಪ ಉಸಿರು ಬಿಗಿಹಿಡಿದು, ಕೆನ್ನೆ ಉಬ್ಬಿಸಿ ಮಾಡುತ್ತಾರೆ. ಅದು ಸರಿಯೇ?

ಉತ್ತರ: ಹತ್ತರಲ್ಲಿ ಎಂಟು ಜನ ಹಾಗೆಯೇ ಮಾಡುತ್ತಾರೆ (ಇದು ನನ್ನ ಕಣ್ಣಂದಾಜು, ಅಧ್ಯಯನವಲ್ಲ). ಹೊಟ್ಟೆ ಬಿಗಿದು ಉಸಿರು ಕಟ್ಟಿದರೆ ಒತ್ತಡ ಕೆಳಮುಖವಾಗುತ್ತದೆ. ಮುಚ್ಚಬೇಕಾದ ಬಾಗಿಲನ್ನು ಒಳಗಿನಿಂದ ತಳ್ಳಿದಂತಾಯಿತು. ಹೀಗೆ ಹೇಳಿಕೊಡಿ: ನಾಲ್ಕು ಜನರ ನಡುವೆ ಕುಳಿತಿರುವಾಗ ಅಪಾನವಾಯುವನ್ನು ತಡೆಯುವುದಿಲ್ಲವೇ, ಆ ಬಿಗಿತವನ್ನು ಮುಂದಕ್ಕೂ ತಂದು ಮೂತ್ರ ನಿಲ್ಲಿಸುವಂತೆ ಒಳಕ್ಕೆಳೆದುಕೊಳ್ಳಬೇಕು. ಬಚ್ಚಲಿನ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ನೋಡಲಿ. ಸರಿಯಾಗಿ ಮಾಡಿದರೆ ಶಿಶ್ನದ ಬುಡ ತುಸು ಒಳಸರಿಯುತ್ತದೆ, ವೃಷಣಗಳು ಸ್ವಲ್ಪ ಮೇಲೇರುತ್ತವೆ. ಹೊಟ್ಟೆ, ತೊಡೆ, ಪೃಷ್ಠ ಸಡಿಲವಾಗಿಯೇ ಇರಬೇಕು. ಬಾಯಲ್ಲಿ ಒಂದರಿಂದ ಐದು ಎಣಿಸುತ್ತ ಬಿಗಿಹಿಡಿದರೆ ಉಸಿರು ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ಮೇಷ್ಟರಿಗೆ ಮಗ್ಗಿ ಹೊಸದೇನಲ್ಲ. ಐದು ಎಣಿಕೆ ಬಿಗಿ, ಐದು ಎಣಿಕೆ ಸಡಿಲ, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು.

ಇದಕ್ಕಿಂತ ಮುಖ್ಯವಾದದ್ದು, ಕುರ್ಚಿಯಿಂದ ಏಳುವ ಮುನ್ನ, ಕೆಮ್ಮು ಬರುತ್ತಿದೆ ಎನ್ನಿಸಿದ ಕೂಡಲೇ ಬಿಗಿಹಿಡಿಯುವ ರೂಢಿ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿದೀತು.

ಪ್ರಶ್ನೆ (ಊರು, ಹೆಸರು ಬೇಡ, ವಯಸ್ಸು 58): ನನಗೆ ಆಪರೇಷನ್ ಆಗಿ ಏಳು ತಿಂಗಳು. ಸೋರುವುದು ನಿಂತಿದೆ. ಆದರೆ ಆ ವಿಷಯದಲ್ಲಿ ಏನೂ ಆಗುತ್ತಿಲ್ಲ. ಹೆಂಡತಿ ‘ಜೀವ ಉಳಿಯಿತಲ್ಲ, ಬಿಡಿ’ ಎನ್ನುತ್ತಾಳೆ. ನನಗೆ ಬಿಡಲಾಗುತ್ತಿಲ್ಲ. ಇದನ್ನು ಕೇಳುವುದು ತಪ್ಪೇ?

ಉತ್ತರ: ಕೇಳಿದ್ದು ಬಹಳ ಒಳ್ಳೆಯದಾಯಿತು. ಶಿಶ್ನ ನಿಮಿರುವಂತೆ ಮಾಡುವ ನರಗಳು ಪ್ರಾಸ್ಟೇಟಿನ ಎರಡೂ ಪಕ್ಕಕ್ಕೆ ಅಂಟಿಕೊಂಡೇ ಹೋಗುತ್ತವೆ. 1982ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸರ್ಜನ್ ಪ್ಯಾಟ್ರಿಕ್ ವಾಲ್ಶ್ ಅವುಗಳನ್ನು ಉಳಿಸಿ ಗ್ರಂಥಿ ತೆಗೆಯುವ ವಿಧಾನ ತೋರಿಸಿದ ಮೇಲೆಯೇ ಈ ಶಸ್ತ್ರಚಿಕಿತ್ಸೆಯ ನಂತರದ ದಾಂಪತ್ಯಕ್ಕೆ ಒಂದು ಭರವಸೆ ಬಂದದ್ದು. ಆದರೆ ಉಳಿಸಿದ ನರಗಳೂ ಎಳೆದಾಟಕ್ಕೆ ಸಿಕ್ಕಿ ತಿಂಗಳುಗಟ್ಟಲೆ ಮಂಕಾಗಿರುತ್ತವೆ. ಚೇತರಿಕೆಗೆ ಒಂದೂವರೆ, ಎರಡು ವರ್ಷವೂ ಹಿಡಿಯಬಹುದು. ನಿಮ್ಮಲ್ಲಿ ಎರಡೂ ಕಡೆಯ ನರಗಳನ್ನು ಉಳಿಸಿದ್ದಾರೆಯೇ, ಒಂದನ್ನೇ ಉಳಿಸಿದ್ದಾರೆಯೇ, ಯಾವುದನ್ನೂ ಉಳಿಸಲಾಗಲಿಲ್ಲವೇ ಎಂದು ನಿಮ್ಮ ಸರ್ಜನ್ನರನ್ನು ನೇರವಾಗಿ ಕೇಳಿ. ಮುಂದಿನ ದಾರಿ ಆ ಉತ್ತರದ ಮೇಲೆ ನಿಂತಿದೆ.

ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳಿವೆ. ಎದೆನೋವಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ, ಅಥವಾ ನೈಟ್ರೇಟ್ ಗುಂಪಿನ ಇನ್ನಾವುದೇ ಔಷಧಿ ಬಳಸುವವರು ಇವನ್ನು ಮುಟ್ಟಲೇಬಾರದು. ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬಂದೀತು. ಆದ್ದರಿಂದ ಅಂಗಡಿಯಿಂದ ಗುಟ್ಟಾಗಿ ತರಬೇಡಿ. ಮಾತ್ರೆ ಕೆಲಸ ಮಾಡದಿದ್ದರೆ ನಿರ್ವಾತ ಪಂಪ್ ಇದೆ, ಚುಚ್ಚುಮದ್ದು ಇದೆ. ಇನ್ನು ವೀರ್ಯ ಬರುವುದಿಲ್ಲ, ಅದನ್ನು ತಯಾರಿಸುವ ಗ್ರಂಥಿಗಳನ್ನೇ ತೆಗೆದಿದ್ದೇವೆ. ಸುಖದ ಅನುಭವ ಮಾತ್ರ ಬೇರೆ ನರಗಳ ದಾರಿಯದು, ನಿಮಿರದಿದ್ದರೂ ಅದು ಸಾಧ್ಯ. ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಸೇರಿದರೆ ಕ್ಯಾನ್ಸರ್ ತಮಗೂ ಅಂಟೀತು ಎಂಬ ಭಯವನ್ನು ‘ಬಿಡಿ’ ಎಂಬ ಒಂದು ಮಾತಿನಲ್ಲಿ ಮುಚ್ಚಿಟ್ಟ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಅದು ಅಂಟುವುದಿಲ್ಲ.

ಪ್ರಶ್ನೆ (ಹಾಸನದಿಂದ): ನಮ್ಮ ಭಾವನಿಗೆ ಪ್ರಾಸ್ಟೇಟ್ ಕ್ಯಾನ್ಸರಿಗೆಂದು ಬೀಜ (ವೃಷಣ) ತೆಗೆದಿದ್ದಾರೆ. ಇದೂ ಅದೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ಅದು ಸಾಮಾನ್ಯವಾಗಿ ರೋಗ ಮೂಳೆಗೋ ಬೇರೆಡೆಗೋ ಹರಡಿದಾಗ, ಕ್ಯಾನ್ಸರಿಗೆ ಗೊಬ್ಬರವಾಗುವ ಗಂಡು ಹಾರ್ಮೋನನ್ನು ನಿಲ್ಲಿಸಲು ಮಾಡುವುದು. ಇಲ್ಲಿ ಮಾತಾಡುತ್ತಿರುವುದು ಗ್ರಂಥಿಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆ. ವೃಷಣಗಳು ಇದ್ದಲ್ಲೇ ಇರುತ್ತವೆ.

ಪ್ರಶ್ನೆ (ಶಿರಸಿಯಿಂದ): ನಮ್ಮ ಯಜಮಾನರಿಗೆ ಪ್ರಾಸ್ಟೇಟ್ ತೆಗೆದು ಎರಡು ತಿಂಗಳಾಯಿತು. ತೋಟಕ್ಕೆ ಯಾವಾಗ ಹೋಗಬಹುದು? ಪಿಎಸ್‌ಎ (ಪ್ರಾಸ್ಟೇಟಿಗಾಗಿ ಮಾಡಿಸುವ ರಕ್ತಪರೀಕ್ಷೆ) 0.01 ಇದ್ದದ್ದು ಈಗ 0.02 ಬಂದಿದೆ. ದುಪ್ಪಟ್ಟಾಯಿತೆಂದು ಅವರು ಎರಡು ರಾತ್ರಿ ನಿದ್ದೆ ಮಾಡಿಲ್ಲ.

ಉತ್ತರ: ನಿದ್ದೆ ಮಾಡಲು ಹೇಳಿ. ಇಷ್ಟು ಸಣ್ಣ ಅಂಕಿಗಳಲ್ಲಿ ಈ ವ್ಯತ್ಯಾಸ ಯಂತ್ರದ್ದೇ ಇರಬಹುದು. ಗ್ರಂಥಿ ತೆಗೆದವರಲ್ಲಿ 0.1ಕ್ಕಿಂತ ಕೆಳಗಿದ್ದರೆ ಸಮಾಧಾನ. 0.2 ಮುಟ್ಟಿ, ಮತ್ತೊಮ್ಮೆ ಮಾಡಿಸಿದಾಗಲೂ ಹಾಗೇ ಇದ್ದರೆ ರೋಗ ಮರುಕಳಿಸಿದೆ ಎಂದು ಎಣಿಸುತ್ತೇವೆ. ಆಗಲೂ ವಿಕಿರಣ ಚಿಕಿತ್ಸೆಯಿಂದ ಗುಣಪಡಿಸುವ ಅವಕಾಶವಿದೆ. ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ತೋಟದಲ್ಲಿ ಓಡಾಡುವುದು ಈಗಲೇ ಆಗಲಿ. ಮೊದಲ ಆರು ವಾರ ಐದು ಕಿಲೋಗಿಂತ ಹೆಚ್ಚು ಎತ್ತಬಾರದೆನ್ನುವುದು ಹರ್ನಿಯಾ ಆಗದಿರಲೆಂದು. ಆ ಗಡುವು ಮುಗಿದಿದೆ, ಆದರೂ ಅಡಿಕೆ ಮೂಟೆ ಇನ್ನೊಂದು ತಿಂಗಳು ಆಳುಗಳ ಹೆಗಲ ಮೇಲೇ ಇರಲಿ. ಅವರನ್ನು ಪರೀಕ್ಷೆ ಮಾಡಿದ ವೈದ್ಯರು ಹೇಳಿದ ಮೇಲೆ ಬೈಕ್ ಹತ್ತಲಿ. ಅಂದಹಾಗೆ, ಅಡಿಕೆ ಮಾರಲಿ, ಬಾಯಿಗೆ ಹಾಕಿಕೊಳ್ಳುವುದು ಬೇಡ; ಪ್ರಾಸ್ಟೇಟಿಗಾಗಿ ಅಲ್ಲ, ಬಾಯಿಯ ಕ್ಯಾನ್ಸರಿಗಾಗಿ ಹೇಳುತ್ತಿದ್ದೇನೆ.

ಪ್ರಶ್ನೆ (ದಾವಣಗೆರೆಯಿಂದ, ನಾಲ್ಕು ವಾರದ ನಂತರ): ಕ್ಯಾಲೆಂಡರ್ ಪ್ರಕಾರ ಅಪ್ಪನಿಗೆ ದಿನಕ್ಕೆ ನಾಲ್ಕು ಬೇಕಿದ್ದ ಪ್ಯಾಡ್ ಎರಡಕ್ಕೆ ಇಳಿದಿದೆ, ರಾತ್ರಿ ಪೂರ್ತಿ ಒಣಗಿರುತ್ತದೆ. ಬೆಂಗಳೂರಿನಲ್ಲಿ ಮೊಮ್ಮಗಳ ನಾಮಕರಣ. ಬಸ್ಸಿನಲ್ಲಿ ಕರೆದೊಯ್ಯಬಹುದೇ?

ಉತ್ತರ: ಖಂಡಿತ. ರೈಲಿನಲ್ಲಾದರೆ ಇನ್ನೂ ಒಳ್ಳೆಯದು, ಶೌಚಾಲಯ ಇರುತ್ತದೆ, ಎದ್ದು ನಡೆದಾಡಲೂ ಆಗುತ್ತದೆ. ನಡುಹಾದಿಯ ಕಡೆಯ ಸೀಟು ಹಿಡಿಯಿರಿ. ಕೈಚೀಲದಲ್ಲಿ ನಾಲ್ಕು ಪ್ಯಾಡ್, ಒಂದು ಪ್ಲಾಸ್ಟಿಕ್ ಕವರ್, ಗಾಢ ಬಣ್ಣದ ಇನ್ನೊಂದು ಪ್ಯಾಂಟ್ ಇರಲಿ. ಮಗುವನ್ನು ಎತ್ತಿಕೊಳ್ಳಲು ಬಗ್ಗುವ ಮುನ್ನ ಬಿಗಿಹಿಡಿಯಬೇಕೆಂದು ಮೇಷ್ಟರಿಗೆ ನೆನಪಿಸಿ.