ಹಳೆಯ ಇಟಲಿ ಪೋಸ್ಟ್‌ಕಾರ್ಡ್: ಈ ಗುರುತು ಯಾರದು?

ಮಂಡ್ಯದ ಮೊಮ್ಮಗ: ತಾತ ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿದ್ದವರು. ಅವರ ಟ್ರಂಕಿನಲ್ಲಿ ಮೈಶುಗರ್ ಚೀಟಿಗಳ ಕೆಳಗೆ ಒಂದಿಷ್ಟು ಪೋಸ್ಟ್‌ಕಾರ್ಡ್ ಸಿಕ್ಕಿವೆ. ಒಂದರ ಹಿಂದೆ ವೃತ್ತದೊಳಗೆ ಹೆಣೆದ ಅಕ್ಷರಗಳಿವೆ. ಅಂಚೆ ಮುದ್ರೆ ಇಲ್ಲ, ಏನೂ ಬರೆದಿಲ್ಲ. ಪ್ರಕಾಶಕರನ್ನು ಪತ್ತೆ ಮಾಡುವುದು ಹೇಗೆ?

ಸರಸ್ವತಿಪುರಂ ಸಂಗ್ರಾಹಕ: ಲೋಗೋ ಆಮೇಲೆ. ಮೊದಲು ಕಾರ್ಡಿನ ಹಿಂಬದಿಯಲ್ಲಿ ಬರೆಯುವ ಜಾಗ, ವಿಳಾಸದ ಜಾಗ ಬೇರೆ ಮಾಡುವ ನಡುವಿನ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿ. ಇಟಲಿಯವರು ಹೆಸರು, ಊರನ್ನು ಆ ಗೆರೆಯ ಉದ್ದಕ್ಕೇ ಸಣ್ಣದಾಗಿ ಅಚ್ಚು ಮಾಡುತ್ತಿದ್ದದ್ದು ಜಾಸ್ತಿ. ‘ಎಡಿಜಿಯೋನೆ’ (ಪ್ರಕಾಶನ) ಅಂತಿದ್ದರೆ ಅದರ ಪಕ್ಕದ್ದು ಪ್ರಕಾಶಕರ ಹೆಸರು. ಅದು ಆ ಊರಿನ ತಂಬಾಕು ಅಂಗಡಿಯೂ ಆಗಿರಬಹುದು! ಆಗ ಲೋಗೋ ಮುದ್ರಕರದ್ದಿರಬಹುದು. ಇಬ್ಬರನ್ನೂ ಒಂದೇ ಅಂದುಕೊಳ್ಳಬೇಡಿ. ‘ವೇರಾ ಫೋಟೋಗ್ರಾಫಿಯಾ’ ಅಂದರೆ ಅಸಲಿ ಫೋಟೋ ಅಷ್ಟೇ, ಕಂಪನಿ ಅಲ್ಲ.

ಹಳೇ ಕಾಗದದ ಹುಚ್ಚ, ಮೈಸೂರು: ಊರೂ ಸುಳಿವು ಕೊಡುತ್ತೆ. ಫ್ಲಾರೆನ್ಸ್‌ನಲ್ಲಿ 1852ರಿಂದಲೂ ಅಲಿನಾರಿ, ತೆರ್ನಿಯಲ್ಲಿ ಅಲ್ತೆರೋಕ್ಕಾ, ಕೋಮೋದಲ್ಲಿ ಬ್ರೂನರ್, ಹೀಗೆ ಒಂದೊಂದು ಊರಲ್ಲಿ ಒಂದೊಂದು ಕಂಪನಿ. ರೋಮನ್ ಅಂಕಿ ಇದ್ದರೆ ಗಮನಿಸಿ. ಅದು ಮುಸೊಲಿನಿ ಕಾಲದ ವರ್ಷ ಇರಬಹುದು, ಲೆಕ್ಕ 1922ರ ಅಕ್ಟೋಬರ್ ಕೊನೆಯಿಂದ. 14 ಅಂದರೆ 1935–36.

ಮಂಡ್ಯದ ಮೊಮ್ಮಗ: ಗೆರೆಯ ಮೇಲೆ ‘ಫಿರೆಂಜೆ’, ಅಂದರೆ ಫ್ಲಾರೆನ್ಸ್, ಕಾಣುತ್ತಿದೆ! ಉಳಿದದ್ದನ್ನು ಗೆದ್ದಲು ತಿಂದಿದೆ. ಹಾಗಾದರೆ ಅಲಿನಾರಿ ಅಲ್ವಾ?

ಸರಸ್ವತಿಪುರಂ ಸಂಗ್ರಾಹಕ: ಸುಮ್ನೆ ಊಹಿಸಬೇಡಿ ಮಾರಾಯ್ರೆ. ಫ್ಲಾರೆನ್ಸ್‌ನಲ್ಲಿ ಬೇರೆ ಪ್ರಕಾಶಕರೂ ಇದ್ದರು. ಅದೇ ಗುರುತಿನ ಜೊತೆ ಪೂರ್ತಿ ಹೆಸರೂ ಇರುವ ಇನ್ನೊಂದು ಕಾರ್ಡ್ ಸಿಗಬೇಕು. ಹಿಂಬದಿಯ ಫೋಟೋ ಹಾಕಿ.