ಫೈರ್‌ಫಾಕ್ಸ್‌ನಲ್ಲಿ ವೀಡಿಯೊ ಹಾಕಿದರೆ ಸಿಪಿಯು ಪೂರ್ತಿ ಏರುತ್ತದೆ, ಫ್ಯಾನ್ ನಿಲ್ಲುವುದೇ ಇಲ್ಲ (ಪರಿಹಾರ ಸಿಕ್ಕಿದೆ)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಒಂದಿದೆ. ಇಂಟೆಲ್ ಐ3-4005ಯು ಪ್ರೊಸೆಸರ್ (ಸಿಪಿಯು), 8 ಜಿಬಿ ರ್‍ಯಾಮ್, ಆಮೇಲೆ ಹಾಕಿಸಿದ ಎಸ್‌ಎಸ್‌ಡಿ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಆಗ ಅಂಗಡಿಯಲ್ಲಿ ಕೊಟ್ಟು ಲಿನಕ್ಸ್ ಮಿಂಟ್ ಹಾಕಿಸಿದೆವು. ಟೈಪ್ ಮಾಡುವುದು, ಮೇಲ್ ನೋಡುವುದು ಎಲ್ಲ ಆರಾಮಾಗಿ ಆಗುತ್ತದೆ. ತೊಂದರೆ ಬರುವುದು ಫೈರ್‌ಫಾಕ್ಸ್‌ನಲ್ಲಿ ಯೂಟ್ಯೂಬ್ ಹಾಕಿದಾಗ. ಮಗಳು ಪಿಯುಸಿ ಭೌತಶಾಸ್ತ್ರದ ಪಾಠ ಅದರಲ್ಲೇ ಕೇಳುತ್ತಾಳೆ. ಸ್ವಲ್ಪ ಹೊತ್ತಿಗೆಲ್ಲ ಫ್ಯಾನ್ ಜೋರಾಗಿ ತಿರುಗಲು ಶುರು. ಚಿತ್ರ ತಡವರಿಸುತ್ತದೆ, ಮಾತು ಮುಂದೆ ಹೋಗಿರುತ್ತದೆ. ಬೋರ್ಡ್ ಮೇಲೆ ಬರೆಯುವುದು ಒಂದು, ಕೇಳಿಸುವುದು ಇನ್ನೊಂದು. ಬ್ಯಾಟರಿಯೂ ಬೇಗ ಇಳಿಯುತ್ತದೆ.

ಟರ್ಮಿನಲ್‌ನಲ್ಲಿ ಟಾಪ್ (ಯಾವ ಪ್ರೋಗ್ರಾಂ ಎಷ್ಟು ಸಿಪಿಯು ಬಳಸುತ್ತಿದೆ ಅಂತ ತೋರಿಸುವ ಕಮಾಂಡ್) ಓಡಿಸಿ ನೋಡಿದೆ. ‘ಐಸೋಲೇಟೆಡ್ ವೆಬ್ ಕೋ’ ಅಂತ ಒಂದು ಹೆಸರು ಮೇಲೇ ಕೂತಿರುತ್ತದೆ. ‘ಆರ್‌ಡಿಡಿ ಪ್ರೊಸೆಸ್’ ಅಂತ ಇನ್ನೊಂದು 150, 170 ತೋರಿಸುತ್ತದೆ. ನೂರಕ್ಕಿಂತ ಜಾಸ್ತಿ ಹೇಗೆ ಬರುತ್ತದೆ? ಇದು ವೈರಸ್ಸಾ? ಹೊಸದು ಕೊಳ್ಳುವ ಯೋಚನೆ ಈಗ ಇಲ್ಲ. ದಯವಿಟ್ಟು ಸಹಾಯ ಮಾಡಿ.

ಉತ್ತರ

ಕ್ಯಾಷ್ ಮತ್ತು ಕುಕಿ ಎಲ್ಲ ಅಳಿಸಿ, ಫೈರ್‌ಫಾಕ್ಸ್ ತೆಗೆದು ಮತ್ತೆ ಹಾಕಿ. ಆಗಲಿಲ್ಲ ಅಂದರೆ 16 ಜಿಬಿ ರ್‍ಯಾಮ್ ಹಾಕಿಸಿ.

ಉತ್ತರ

ಮೇಲಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ದಯವಿಟ್ಟು ಈಗಲೇ ಏನನ್ನೂ ಅಳಿಸಬೇಡಿ. ಕುಕಿ ಅಳಿಸಿದರೆ ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕು, ಅಷ್ಟೇ. ಸಿಪಿಯು ಕಡಿಮೆ ಆಗುವುದಿಲ್ಲ. 8 ಜಿಬಿ ರ್‍ಯಾಮ್ ಈ ಕೆಲಸಕ್ಕೆ ಸಾಕು. ಮೊದಲು ಸಿಪಿಯು ತಿನ್ನುತ್ತಿರುವುದು ಯಾವುದು ಅಂತ ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಸೆಟ್ಟಿಂಗ್ ಮುಟ್ಟುತ್ತಾ ಹೋದರೆ ಕೊನೆಗೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದೇ ತಿಳಿಯುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲೇ ಒಳ್ಳೆಯ ಸುಳಿವುಗಳಿವೆ. ಟಾಪ್‌ನಲ್ಲಿ 100 ಅಂದರೆ ಪ್ರೊಸೆಸರ್‌ನ ಒಂದು ಥ್ರೆಡ್ (ಒಂದು ಸಲಕ್ಕೆ ಒಂದು ಕೆಲಸ ಮಾಡುವ ಸಾಲು) ಪೂರ್ತಿ ಕೆಲಸದಲ್ಲಿದೆ ಅಂತ. ನಿಮ್ಮದು 2 ಕೋರ್, 4 ಥ್ರೆಡ್‌ಗಳ ಪ್ರೊಸೆಸರ್. ಹಾಗಾಗಿ ಒಟ್ಟು 400ರ ತನಕ ಹೋಗಬಹುದು. 170 ಅಂದರೆ ಒಂದೇ ಪ್ರೊಸೆಸ್ ಹತ್ತಿರಹತ್ತಿರ ಅರ್ಧ ಯಂತ್ರವನ್ನು ಹಿಡಿದುಕೊಂಡಿದೆ.

‘ಐಸೋಲೇಟೆಡ್ ವೆಬ್ ಕೋ’ ವೈರಸ್ ಅಲ್ಲ, ಹೆದರಬೇಡಿ. ಅದು ‘ಐಸೋಲೇಟೆಡ್ ವೆಬ್ ಕಂಟೆಂಟ್’. ಲಿನಕ್ಸ್‌ನಲ್ಲಿ ಪ್ರೊಸೆಸ್ ಹೆಸರಿಗೆ 15 ಅಕ್ಷರದ ಜಾಗ ಮಾತ್ರ, ಉಳಿದದ್ದು ಕತ್ತರಿಸಿ ಹೋಗುತ್ತದೆ. ಫೈರ್‌ಫಾಕ್ಸ್ ಒಂದೊಂದು ವೆಬ್‌ಸೈಟನ್ನೂ ಬೇರೆ ಬೇರೆ ಪ್ರೊಸೆಸ್‌ನಲ್ಲಿ ಇಡುತ್ತದೆ. ಒಂದು ಸೈಟು ಇನ್ನೊಂದು ಸೈಟಿನ ಮಾಹಿತಿಗೆ ಕೈ ಹಾಕಬಾರದು ಅಂತ ಈ ವ್ಯವಸ್ಥೆ. ‘ಆರ್‌ಡಿಡಿ ಪ್ರೊಸೆಸ್’ ಒತ್ತಿ ಚಿಕ್ಕದು ಮಾಡಿ ಕಳಿಸಿದ ವೀಡಿಯೊವನ್ನು ಬಿಡಿಸುವ ಕೆಲಸ ಮಾಡುತ್ತದೆ. ಅದು 170 ತೋರಿಸುತ್ತಿದೆ ಅಂದರೆ ನಿಮ್ಮ ವೀಡಿಯೊವನ್ನು ಗ್ರಾಫಿಕ್ಸ್ ಚಿಪ್ ಬಿಡಿಸುತ್ತಿಲ್ಲ, ಪ್ರೊಸೆಸರ್ ತಾನೇ ಬಿಡಿಸುತ್ತಿದೆ ಅಂತ ನನ್ನ ಅನುಮಾನ.

ಮೂರು ವಿಷಯ ನೋಡಿ ಹೇಳಿ.

ವೀಡಿಯೊ ಓಡುತ್ತಿರುವಾಗಲೇ ಫೈರ್‌ಫಾಕ್ಸ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಅದರದ್ದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಟ್ಯಾಬ್ ಎಷ್ಟು ಸಿಪಿಯು ತಿನ್ನುತ್ತಿದೆ ಎಂದು ಹೆಸರು ಸಮೇತ ಇರುತ್ತದೆ.

ಆಮೇಲೆ ಯೂಟ್ಯೂಬ್ ವೀಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಒತ್ತಿ. ‘ಕೋಡೆಕ್ಸ್’ ಸಾಲಿನಲ್ಲಿ ಎವಿ01, ವಿಪಿ09, ಎವಿಸಿ1 ಈ ಮೂರರಲ್ಲಿ ಯಾವುದಿದೆ ನೋಡಿ. ಬಿಟ್ಟುಹೋದ ಫ್ರೇಮ್‌ಗಳ (ವೀಡಿಯೊದ ಒಂದೊಂದು ಚಿತ್ರ) ಲೆಕ್ಕವೂ ಅಲ್ಲೇ ಇದೆ.

ಕೊನೆಯದಾಗಿ ಹೆಲ್ಪ್ ಮೆನುವಿನಲ್ಲಿ ‘ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ ತೆರೆದು, ಗ್ರಾಫಿಕ್ಸ್ ಭಾಗದಲ್ಲಿ ‘ಕಾಂಪೊಸಿಟಿಂಗ್’ ಮುಂದೆ ಏನು ಬರೆದಿದೆ ಹೇಳಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ ಸರ್. ವೈರಸ್ ಅಲ್ಲ ಅಂದಿದ್ದಕ್ಕೇ ಅರ್ಧ ಚಿಂತೆ ಕಳೆಯಿತು.

ಕೋಡೆಕ್ ವಿಪಿ09 ಇದೆ. ಕ್ವಾಲಿಟಿ 1080, ಅದರ ಪಕ್ಕ 60 ಅಂತಲೂ ಇದೆ. ಫ್ರೇಮ್ ಬಿಡುವ ಲೆಕ್ಕ ನೋಡನೋಡುತ್ತಲೇ ಏರುತ್ತದೆ. ಕಾಂಪೊಸಿಟಿಂಗ್ ಮುಂದೆ ‘ವೆಬ್‌ರೆಂಡರ್ (ಸಾಫ್ಟ್‌ವೇರ್)’ ಅಂತಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಯೂಟ್ಯೂಬ್ ಬಿಟ್ಟರೆ ಒಂದು ಸುದ್ದಿ ಸೈಟಿನ ಟ್ಯಾಬ್ ಕೂಡ 60ರ ಆಸುಪಾಸು ತೋರಿಸುತ್ತಿದೆ. ಅದನ್ನು ಬೆಳಿಗ್ಗೆ ಓದಿ ಹಾಗೇ ಬಿಟ್ಟಿದ್ದು.

ಉತ್ತರ

ಈಗ ಚಿತ್ರ ಸ್ಪಷ್ಟವಾಯಿತು. ನಿಮ್ಮಲ್ಲಿ ಒಂದಲ್ಲ, ಮೂರು ತೊಂದರೆ ಸೇರಿಕೊಂಡಿವೆ. ಒಂದು ಸರಿ ಮಾಡಿ, ನೋಡಿ, ಆಮೇಲೆ ಮುಂದಿನದಕ್ಕೆ ಹೋಗೋಣ.

ಮೊದಲು ಆ ‘ಸಾಫ್ಟ್‌ವೇರ್’. ಪರದೆ ಮೇಲೆ ಪುಟ ಮೂಡಿಸುವ ಕೆಲಸ ಗ್ರಾಫಿಕ್ಸ್ ಚಿಪ್ಪಿನದ್ದು. ಅದೂ ಈಗ ಪ್ರೊಸೆಸರ್ ತಲೆ ಮೇಲೆ ಬಿದ್ದಿದೆ. ಮನೆಯಲ್ಲಿ ಮಿಕ್ಸಿ ಇದ್ದೂ ಒರಳಲ್ಲಿ ರುಬ್ಬಿದ ಹಾಗೆ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಕೆಳಗೆ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ. ‘ಯೂಸ್ ರೆಕಮೆಂಡೆಡ್ ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್’ ಟಿಕ್ ಇಲ್ಲದಿದ್ದರೆ, ಅದರ ಕೆಳಗಿನ ಹಾರ್ಡ್‌ವೇರ್ ಆಕ್ಸಿಲರೇಷನ್ (ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುವುದು) ಕೂಡ ಟಿಕ್ ಇಲ್ಲದಿದ್ದರೆ, ಯಾರೋ ಅದನ್ನು ಆಫ್ ಮಾಡಿದ್ದಾರೆ ಅಂತ. ಫೈರ್‌ಫಾಕ್ಸ್ ನಿಧಾನ ಅಂದ ಕೂಡಲೇ ‘ಹಾರ್ಡ್‌ವೇರ್ ಆಕ್ಸಿಲರೇಷನ್ ಆಫ್ ಮಾಡಿ’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಗ್ರಾಫಿಕ್ಸ್ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಕೆಟ್ಟು ಪರದೆ ಮಿನುಗುತ್ತಿದ್ದರೆ ಆ ಸಲಹೆ ಸರಿ. ಉಳಿದವರಿಗೆ ಅದರಿಂದ ಹಾನಿಯೇ ಜಾಸ್ತಿ. ಟಿಕ್ ಹಾಕಿ, ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಎರಡನೆಯದು ಕೋಡೆಕ್, ಇದೇ ದೊಡ್ಡದು. ವೀಡಿಯೊವನ್ನು ಒತ್ತಿ ಚಿಕ್ಕದು ಮಾಡಿ ಕಳಿಸುತ್ತಾರೆ, ನಮ್ಮ ಯಂತ್ರ ಅದನ್ನು ಬಿಡಿಸಿ ತೋರಿಸಬೇಕು. ಹಾಗೆ ಒತ್ತುವ ವಿಧಾನಗಳಲ್ಲಿ ಎಚ್.264 (ಯೂಟ್ಯೂಬ್ ಇದನ್ನೇ ಎವಿಸಿ1 ಅಂತ ತೋರಿಸುತ್ತದೆ) ಹಳೆಯದು, ವಿಪಿ9 ಅದಕ್ಕಿಂತ ಹೊಸದು, ಎವಿ1 ಎಲ್ಲಕ್ಕಿಂತ ಹೊಸದು. ಯೂಟ್ಯೂಬ್ ಹೊಸ ಎರಡನ್ನೇ ಹೆಚ್ಚಾಗಿ ಕಳಿಸುತ್ತದೆ, ಯಾಕೆಂದರೆ ಅಷ್ಟೇ ಚಂದದ ಚಿತ್ರಕ್ಕೆ ಡೇಟಾ ಕಡಿಮೆ ಸಾಕು. ಆದರೆ ಬಿಡಿಸಲು ಶ್ರಮ ಜಾಸ್ತಿ. ಇಂಟೆಲ್ ಚಿಪ್‌ಗಳಲ್ಲಿ ವಿಪಿ9 ಬಿಡಿಸುವ ಪೂರ್ತಿ ಸರ್ಕ್ಯೂಟ್ ಬಂದಿದ್ದು 7ನೇ ತಲೆಮಾರಿನಿಂದ. ಎವಿ1ಗೆ 11ನೇ ತಲೆಮಾರು ಬೇಕಾಯಿತು. ನಿಮ್ಮದು 4ನೇ ತಲೆಮಾರು, 2013ರ ವಿನ್ಯಾಸ. ಅದಕ್ಕೆ ಎಚ್.264 ಚೆನ್ನಾಗಿ ಗೊತ್ತು. ವಿಪಿ9 ಕೊಟ್ಟರೆ ಪ್ರೊಸೆಸರೇ ಬೆವರು ಸುರಿಸಬೇಕು. ಅದೂ ಸೆಕೆಂಡಿಗೆ 60 ಫ್ರೇಮ್.

ಹಾಗಾಗಿ ಯೂಟ್ಯೂಬ್‌ನಿಂದ ಎಚ್.264 ತರಿಸಿಕೊಳ್ಳಬೇಕು. ಫೈರ್‌ಫಾಕ್ಸ್ ಆಡ್-ಆನ್ ತಾಣದಲ್ಲಿ ‘ಎನ್‌ಹಾನ್ಸ್ಡ್ ಎಚ್264ಇಫೈ’ ಎಂಬ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇದೆ. ಅದರಲ್ಲಿ ವಿಪಿ9 ತಡೆ, ಎವಿ1 ತಡೆ, 60 ಫ್ರೇಮ್ ತಡೆ ಅಂತ ಬೇರೆಬೇರೆ ಟಿಕ್‌ಗಳಿವೆ. ಮೂರನ್ನೂ ಹಾಕಿ. ಎಚ್.264ರಲ್ಲಿ 1080ರ ತನಕ ಮಾತ್ರ ಸಿಗುತ್ತದೆ, ನಿಮಗೆ ಅದು ಬೇಕಾದಷ್ಟಾಯಿತು. ಪರದೆ 1366×768 ಇದ್ದರೆ 720ಕ್ಕಿಂತ ಮೇಲಿನದು ಸುಮ್ನೆ ದಂಡ. ಬೋರ್ಡಿನ ಮೇಲಿನ ಸೂತ್ರ 720ರಲ್ಲೂ ಅಷ್ಟೇ ಚೆನ್ನಾಗಿ ಕಾಣುತ್ತದೆ.

ಎಚ್.264 ಬಂದರೂ ಚಿಪ್ ಕೆಲಸಕ್ಕಿಳಿಯಲು ಲಿನಕ್ಸ್‌ನಲ್ಲಿ ಒಂದು ಡ್ರೈವರ್ ಬೇಕು. ಸಾಫ್ಟ್‌ವೇರ್ ಹಾಕಿಕೊಳ್ಳಲು ಮಿಂಟ್‌ನಲ್ಲಿರುವ ಸಿನಾಪ್ಟಿಕ್ ತೆರೆದು ‘ಐ965-ವಿಎ-ಡ್ರೈವರ್’ ಹುಡುಕಿ, ಇಲ್ಲದಿದ್ದರೆ ಹಾಕಿಕೊಳ್ಳಿ. ‘ಇಂಟೆಲ್-ಮೀಡಿಯಾ-ವಿಎ-ಡ್ರೈವರ್’ ಅಂತ ಇನ್ನೊಂದು ಕಾಣುತ್ತದೆ. ಅದು 5ನೇ ತಲೆಮಾರು ಮತ್ತು ಮುಂದಿನವುಗಳಿಗೆ, ನಿಮ್ಮ ಚಿಪ್‌ಗೆ ಆಗುವುದಿಲ್ಲ. ಲಿನಕ್ಸ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ಇದ್ದವರಿಗೆ ಫೈರ್‌ಫಾಕ್ಸ್ 115ರಿಂದ, ಅಂದರೆ 2023ರ ಜುಲೈನಿಂದ, ಚಿಪ್ಪಿನಲ್ಲೇ ವೀಡಿಯೊ ಬಿಡಿಸುವ ಸೌಲಭ್ಯ ತಾನಾಗೇ ಆನ್ ಇರುತ್ತದೆ. ಬೇರೆ ಗುಪ್ತ ಸೆಟ್ಟಿಂಗ್ ಯಾವುದೂ ಈಗ ಬೇಡ.

ಮೂರನೆಯದು ಆ ಸುದ್ದಿ ಸೈಟು. ಅಂಥ ಪುಟಗಳಲ್ಲಿ ಸದ್ದಿಲ್ಲದೆ ಓಡುವ ಜಾಹೀರಾತು ವೀಡಿಯೊ ಇರುತ್ತದೆ. ಫೈರ್‌ಫಾಕ್ಸ್ ತಾನಾಗಿ ತಡೆಯುವುದು ಸದ್ದು ಮಾಡುವ ವೀಡಿಯೊವನ್ನು ಮಾತ್ರ, ಮೂಕ ವೀಡಿಯೊ ಓಡುತ್ತಲೇ ಇರುತ್ತದೆ. ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ‘ಆಟೊಪ್ಲೇ’ ಹುಡುಕಿ ಆಡಿಯೊ, ವೀಡಿಯೊ ಎರಡನ್ನೂ ತಡೆಯಿರಿ. ಓದಿ ಆದ ಟ್ಯಾಬ್ ಮುಚ್ಚಿಬಿಡಿ.

ಇನ್ನೊಬ್ಬರು

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ವಿಂಡೋಸ್ 11, ಕ್ರೋಮ್. ಲ್ಯಾಪ್‌ಟಾಪ್ ಹೊಸದು, 12ನೇ ತಲೆಮಾರು. ವೀಡಿಯೊ ಇಲ್ಲದಾಗಲೂ ಫ್ಯಾನ್ ಓಡುತ್ತದೆ. ನಮಗೆ ಗೊತ್ತಿಲ್ಲದ ಹಾಗೆ ಬಿಟ್‌ಕಾಯಿನ್ ಗಣಿಗಾರಿಕೆ ನಡೆಯುತ್ತದೆ ಅಂತಾರಲ್ಲ, ಅದಿರಬಹುದಾ?

ಉತ್ತರ

ಪುಟದೊಳಗೆ ಅಡಗಿ ಗಣಿಗಾರಿಕೆ ಮಾಡುವ (ನಮ್ಮ ಸಿಪಿಯು ಬಳಸಿ ಡಿಜಿಟಲ್ ನಾಣ್ಯ ಗಳಿಸುವ) ಕಾಟ 2017ರಲ್ಲಿ ಕಾಯಿನ್‌ಹೈವ್ ಎಂಬ ಸೇವೆ ಬಂದಾಗ ಜೋರಾಗಿತ್ತು. ಆ ಸೇವೆ 2019ರ ಮಾರ್ಚ್‌ನಲ್ಲಿ ಮುಚ್ಚಿತು. ಅವರು ಮಾಡುತ್ತಿದ್ದುದೂ ಬಿಟ್‌ಕಾಯಿನ್ ಅಲ್ಲ, ಮೊನೆರೊ ಎಂಬ ಇನ್ನೊಂದು ಡಿಜಿಟಲ್ ನಾಣ್ಯ. ಈಗಲೂ ಅಲ್ಲೊಂದು ಇಲ್ಲೊಂದು ಇರಬಹುದು, ಆದರೆ ಮೊದಲ ಅನುಮಾನ ಅದರ ಮೇಲೆ ಬೇಡ.

ಕ್ರೋಮ್‌ನಲ್ಲೂ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಿಪಿಯು ಎಂಬ ತಲೆಬರಹದ ಮೇಲೆ ಒತ್ತಿದರೆ ಜಾಸ್ತಿ ತಿನ್ನುವುದು ಮೇಲೆ ಬರುತ್ತದೆ. ಹೆಸರಿನ ಮುಂದೆ ‘ಎಕ್ಸ್‌ಟೆನ್ಷನ್’ ಅಂತ ಇದೆಯಾ, ‘ಟ್ಯಾಬ್’ ಅಂತ ಇದೆಯಾ ನೋಡಿ.

ಇನ್ನೊಬ್ಬರು

ಎಕ್ಸ್‌ಟೆನ್ಷನ್ನೇ! ಶಾಪಿಂಗ್ ಕೂಪನ್ ಹುಡುಕಿಕೊಡುವ ಒಂದು ಎಕ್ಸ್‌ಟೆನ್ಷನ್ ಹಾಕಿದ್ದೆ. ಅದೇ ಮೇಲಿದೆ. ತೆಗೆದುಹಾಕಿದ ಕೂಡಲೇ ತಣ್ಣಗಾಯಿತು.

ಉತ್ತರ

ಒಳ್ಳೆಯದಾಯಿತು. ಅಂಥವು ನೀವು ತೆರೆದ ಪ್ರತಿ ಪುಟವನ್ನೂ ಓದುತ್ತಿರುತ್ತವೆ, ಸಿಪಿಯು ಬಿಡಿ, ಖಾಸಗಿತನಕ್ಕೂ ಅದು ಒಳ್ಳೆಯದಲ್ಲ. ಬೇಕೇ ಬೇಕು ಅನ್ನಿಸುವ ಎಕ್ಸ್‌ಟೆನ್ಷನ್ ಇದ್ದರೆ ಅದರ ‘ಸೈಟ್ ಆಕ್ಸೆಸ್’ ಸೆಟ್ಟಿಂಗನ್ನು ‘ಆನ್ ಕ್ಲಿಕ್’ಗೆ ಬದಲಿಸಿ. ನೀವು ಒತ್ತಿದಾಗ ಮಾತ್ರ ಪುಟವನ್ನು ಮುಟ್ಟುತ್ತದೆ.

ಪ್ರಶ್ನೆ ಕೇಳಿದವರು

ಸರ್, ಹೇಳಿದ ಹಾಗೇ ಒಂದೊಂದಾಗಿ ಮಾಡಿದೆ. ಹಾರ್ಡ್‌ವೇರ್ ಆಕ್ಸಿಲರೇಷನ್ ಆಫ್ ಆಗಿಯೇ ಇತ್ತು. ಅಂಗಡಿಯವರನ್ನು ಕೇಳಿದೆ, ಹಳೇ ಯಂತ್ರಕ್ಕೆ ಹಾಗೇ ಮಾಡುತ್ತೇವೆ ಅಂದರು. ಟಿಕ್ ಹಾಕಿದ ಮೇಲೆ ಕಾಂಪೊಸಿಟಿಂಗ್ ಮುಂದೆ ಬರೀ ‘ವೆಬ್‌ರೆಂಡರ್’ ಅಂತಿದೆ. ಪುಟ ಮೇಲೆ ಕೆಳಗೆ ಸರಿಸುವುದು ಆಗಲೇ ನಯವಾಯಿತು, ಆದರೆ ವೀಡಿಯೊ ಇನ್ನೂ ತಡವರಿಸುತ್ತಿತ್ತು.

ಎಕ್ಸ್‌ಟೆನ್ಷನ್ ಹಾಕಿದ ಮೇಲೆ ಕೋಡೆಕ್ ಎವಿಸಿ1 ಆಯಿತು. ಆರ್‌ಡಿಡಿ 70ಕ್ಕೆ ಇಳಿಯಿತು. ಸಿನಾಪ್ಟಿಕ್‌ನಲ್ಲಿ ಐ965 ಡ್ರೈವರ್ ಇರಲಿಲ್ಲ. ಹಾಕಿ, ಯಂತ್ರ ಆರಿಸಿ ಮತ್ತೆ ಆನ್ ಮಾಡಿದೆ. ಈಗ 720ರಲ್ಲಿ ಆರ್‌ಡಿಡಿ 15ರ ಹತ್ತಿರ ಇದೆ! ಫ್ರೇಮ್ ಬಿಡುವ ಲೆಕ್ಕ ಏರುತ್ತಿಲ್ಲ. ಮಗಳು ವಿದ್ಯುತ್‌ಕಾಂತೀಯ ಪ್ರೇರಣೆಯ ಪಾಠ ಪೂರ್ತಿ ನೋಡಿದಳು, ಮಾತು ಚಿತ್ರ ಎರಡೂ ಜೊತೆಗೇ ಬಂದವು.

ಟ್ರಬಲ್‌ಶೂಟಿಂಗ್ ಪುಟದ ಮೀಡಿಯಾ ಭಾಗದಲ್ಲಿ ಕೋಡೆಕ್‌ಗಳ ಪಟ್ಟಿ ಕಂಡಿತು. ಎಚ್264 ಮುಂದೆ ಹಾರ್ಡ್‌ವೇರ್ ಬೆಂಬಲ ಇದೆ, ವಿಪಿ9 ಮತ್ತು ಎವಿ1 ಮುಂದೆ ಇಲ್ಲ. ನೀವು ಹೇಳಿದ್ದು ಅಕ್ಷರಶಃ ಅಲ್ಲೇ ಬರೆದಿದೆ.

ಒಂದು ಕೇಳುವುದಿತ್ತು. ನಾವು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಇಂಟರ್ನೆಟ್ ಬಳಸುವುದು. ಎಚ್.264ಕ್ಕೆ ಡೇಟಾ ಜಾಸ್ತಿ ಅಂದಿರಿ. ದಿನದ ಪ್ಯಾಕ್ ಬೇಗ ಮುಗಿದುಹೋಗುತ್ತದಾ?

ಉತ್ತರ

ತುಂಬಾ ಸಂತೋಷ. ಒಂದೊಂದಾಗಿ ಮಾಡಿ ಅಂಕಿ ಸಮೇತ ಬರೆದಿದ್ದಕ್ಕೆ ವಿಶೇಷ ಧನ್ಯವಾದ. ಇದೇ ತೊಂದರೆ ಇರುವ ಬೇರೆಯವರಿಗೂ ಯಾವ ಹೆಜ್ಜೆಯಲ್ಲಿ ಎಷ್ಟು ಇಳಿಯಿತು ಅಂತ ಗೊತ್ತಾಗುತ್ತದೆ.

ಡೇಟಾ ವಿಷಯ: ಒಂದೇ ಕ್ವಾಲಿಟಿಗೆ ಹೋಲಿಸಿದರೆ ಹೌದು, ವಿಪಿ9ಗಿಂತ ಎಚ್.264ಕ್ಕೆ ಡೇಟಾ ಜಾಸ್ತಿ ಬೇಕು. ಆದರೆ ನೀವು 1080ರ 60 ಫ್ರೇಮ್‌ನಿಂದ 720ರ 30 ಫ್ರೇಮ್‌ಗೆ ಇಳಿದಿದ್ದೀರಿ, ಹಾಗಾಗಿ ಒಟ್ಟು ಬಳಕೆ ಕಡಿಮೆಯೇ ಆಗುತ್ತದೆ. ತಿಂಗಳ ಕೊನೆಯಲ್ಲಿ ಎಳೆದಾಟ ಆದರೆ 480ಕ್ಕೆ ಇಳಿಸಿ. ಬರೀ ಬೋರ್ಡ್ ಪಾಠಕ್ಕೆ ಅದೂ ನಡೆಯುತ್ತದೆ, ಅಕ್ಷರ ತೀರಾ ಸಣ್ಣದಿದ್ದಾಗ ಮಾತ್ರ 720 ಹಾಕಿಕೊಳ್ಳಿ.

ಮುಂದೆ ಎಂದಾದರೂ 11ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಇಂಟೆಲ್ ಯಂತ್ರ ಬಂದರೆ ಈ ಎಕ್ಸ್‌ಟೆನ್ಷನ್ ತೆಗೆದುಬಿಡಿ. ಅಲ್ಲಿ ಎವಿ1ನ್ನೂ ಚಿಪ್ಪೇ ಬಿಡಿಸುತ್ತದೆ, ಎಚ್.264 ತರಿಸಿದರೆ ಡೇಟಾ ಸುಮ್ನೆ ಖರ್ಚು. ಫೈರ್‌ಫಾಕ್ಸ್ ಖಾತೆಗೆ ಸಿಂಕ್ ಆನ್ ಮಾಡಿಕೊಂಡಿದ್ದರೆ ಎಕ್ಸ್‌ಟೆನ್ಷನ್ ಹೊಸ ಯಂತ್ರಕ್ಕೂ ತಾನಾಗೇ ಬಂದು ಕೂರಬಹುದು, ಆಗ ಒಮ್ಮೆ ನೋಡಿಕೊಳ್ಳಿ.