ಕಿತ್ತಳೆ ಐಸ್ ಕ್ಯಾಂಡಿ ಕಲ್ಲಾಗುತ್ತಿದೆ, ಏನು ಮಾಡಲಿ?

ಹುಳಿಸಿಹಿ:
ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಕತೆ. ಕಿತ್ತಳೆಯನ್ನು ಮಿಕ್ಸಿಗೆ ಹಾಕಿ, ಸೋಸಿ, ಅರ್ಧ ಹೋಳು ನಿಂಬೆ ಹಿಂಡಿ, ಸಕ್ಕರೆ ಹಾಕದೆ ಹಾಗೇ ಅಚ್ಚಿಗೆ ಸುರಿದು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಹಲ್ಲೇ ಇಳಿಯುವುದಿಲ್ಲ. ನಾಲ್ಕು ಸಲ ಚೀಪಿದರೆ ಬಣ್ಣ, ರುಚಿ ಎಲ್ಲಾ ಖಾಲಿ, ಕಡ್ಡಿಯಲ್ಲಿ ಉಳಿಯುವುದು ಬರೀ ಬಿಳಿ ಐಸು. ಮೇಲೆ ಒಂದು ಕಹಿ ಬೇರೆ. ಸಕ್ಕರೆ ಕಮ್ಮಿ ಇರಲಿ ಅಂತಲೇ ಮನೆಯಲ್ಲಿ ಮಾಡುವುದು, ಅಲ್ವಾ?

ತಂಪುಹೊತ್ತು:
ಅಲ್ಲೇ ಎಡವಿದ್ದೀರಿ. ಸಕ್ಕರೆ ಸುಮ್ನೆ ಸಿಹಿಗೆ ಅಲ್ಲ. ನೀರು ಹೆಪ್ಪುಗಟ್ಟುವಾಗ ಸಕ್ಕರೆಯನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಗಟ್ಟಿ ಸಿಹಿರಸ ಮೈನಸ್ 18 ಡಿಗ್ರಿಯಲ್ಲೂ ಪೂರ್ತಿ ಗಡ್ಡೆಯಾಗದೆ ಐಸಿನ ಹರಳುಗಳ ಮಧ್ಯೆ ಉಳಿಯುತ್ತದೆ, ಅದಿದ್ದರೇ ಕ್ಯಾಂಡಿ ಕಚ್ಚಲು ಬರುವುದು. ನೀವು ಚೀಪಿ ಎಳೆದದ್ದೂ ಅದನ್ನೇ. ಕಿತ್ತಳೆಯಲ್ಲಿರುವ ಸಿಹಿ ಇದಕ್ಕೆ ಸಾಲದು. 500 ಮಿ.ಲೀ. ರಸಕ್ಕೆ 60 ಗ್ರಾಂ ಸಕ್ಕರೆ ತಗೊಳ್ಳಿ, 60 ಮಿ.ಲೀ. ನೀರಿನಲ್ಲಿ ಬಿಸಿ ಮಾಡಿ ಕರಗಿಸಿ, ಪೂರ್ತಿ ಆರಿದ ಮೇಲೆ ರಸ ಬೆರೆಸಿ. ರಸವನ್ನು ಮಾತ್ರ ಕುದಿಸಬೇಡಿ, ತಾಜಾತನ ಹೋಗಿಬಿಡುತ್ತದೆ. ಬರೀ ನಿಂಬೆಯದಾದರೆ ರಸ 100 ಮಿ.ಲೀ., ಸಕ್ಕರೆ 100 ಗ್ರಾಂ, ನೀರು 400 ಮಿ.ಲೀ. ಅಚ್ಚಿಗೆ ಹಾಕುವ ಮುಂಚೆ ರುಚಿ ನೋಡಿ, 'ಸಿಹಿ ಒಂಚೂರು ಜಾಸ್ತಿ ಆಯ್ತು' ಅನ್ನಿಸಬೇಕು. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಅಷ್ಟು ಗೊತ್ತಾಗುವುದಿಲ್ಲ.

ಸಿಪ್ಪೆಸುಲಿ:
ಮಿಕ್ಸಿಯಾ? ಕಹಿಗೆ ಬೇರೆ ಕಾರಣ ಹುಡುಕುವುದೇ ಬೇಡ. ಬೀಜ ಒಡೆದು, ಬಿಳಿ ನಾರು ಅರೆದು ರಸಕ್ಕೆ ಸೇರಿರುತ್ತದೆ. ಕೈಯಲ್ಲಿ ಹಿಂಡಿ. ಹಿಂಡಿದ ಮೇಲೆ ತುಂಬಾ ಹೊತ್ತು ಇಡಲೂ ಬೇಡಿ, ನೇವಲ್ ಕಿತ್ತಳೆಯ (ತುದಿಯಲ್ಲಿ ಹೊಕ್ಕುಳಿನಂತೆ ಕಾಣುವ ಬೀಜವಿಲ್ಲದ ಜಾತಿ) ರಸವಂತೂ ಮೊದಲು ಚೆನ್ನಾಗಿದ್ದು ಇಡುತ್ತಾ ಇಡುತ್ತಾ ಕಹಿಯಾಗುತ್ತದೆ. ಘಮ ಬೇಕಿದ್ದರೆ ಸಿಪ್ಪೆಯ ಬಣ್ಣದ ಭಾಗವನ್ನಷ್ಟೇ ತುರಿದು ಬಿಸಿ ಪಾಕದಲ್ಲಿ ಹತ್ತು ನಿಮಿಷ ಬಿಟ್ಟು ಸೋಸಿ. ಇದೊಂದನ್ನು ಬಿಡಬೇಡಿ, ಕಿತ್ತಳೆಯ ವಾಸನೆ ಹೆಚ್ಚಾಗಿ ಸಿಪ್ಪೆಯ ಎಣ್ಣೆಯಲ್ಲೇ ಇರುವುದು.

ಹುಳಿಸಿಹಿ:
ಮಾಡಿದೆ! ಈ ಸಲ ಕಚ್ಚಿದರೆ ಕರಕರ ಅಂತ ಪುಡಿಯಾಗುತ್ತದೆ, ಕಹಿ ಇಲ್ಲ, ತುರಿಯ ಘಮ ಅಂತೂ ಬಾಯಿಗಿಡುವ ಮುಂಚೆಯೇ ಬರುತ್ತದೆ. ಆದರೆ ಅಚ್ಚು ತುಂಬಿಸಿದ್ದು ಮೇಲೆ ಉಬ್ಬಿತು, ಕಡ್ಡಿ ಒಂದು ಕಡೆ ವಾಲಿತು. ಎಳೆದರೆ ಎರಡು ಕಡ್ಡಿ ಮಾತ್ರ ಕೈಗೆ ಬಂತು, ಕ್ಯಾಂಡಿ ಒಳಗೇ ಉಳಿಯಿತು.

ತಂಪುಹೊತ್ತು:
ನೀರು ಐಸಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಮೇಲೆ ಅರ್ಧ ಬೆರಳು ಜಾಗ ಬಿಡಿ. ಕಡ್ಡಿಯನ್ನು ಒಂದು ಗಂಟೆ ಬಿಟ್ಟು, ರಸ ಅರೆಗಟ್ಟಿಯಾದ ಮೇಲೆ ಚುಚ್ಚಿ. ತೆಗೆಯುವಾಗ ಅಚ್ಚನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಸೆಕೆಂಡು ಅದ್ದಿ, ತಾನಾಗೇ ಬಿಡುತ್ತದೆ. ಆ ಎರಡನ್ನು ಚಮಚದಲ್ಲಿ ಕೆರೆದು ತಿನ್ನಿ.